ಜೋಸೆಫ್‌ನ ಬೆನ್ನು

ಚಿತ್ರಕಲಾ ಶಾಲೆಯಲ್ಲಿ ನಾನು ಮೊದಲು ತೋರಿಸುವುದು ಒಂದು ಬೆನ್ನಿನ ಚಿತ್ರ. ಫ್ರಾನ್ಸಿನ ತಿಯೊಡೋರ್ ಜೆರಿಕೊ 1818-19ರ ಸುಮಾರಿಗೆ ಎಣ್ಣೆಬಣ್ಣದಲ್ಲಿ ಬರೆದ ಅಭ್ಯಾಸಚಿತ್ರ ಅದು. ಕುಳಿತಿದ್ದವನು ಜೋಸೆಫ್, ಹೈಟಿಯ ಕಪ್ಪು ಮನುಷ್ಯ. ಪ್ಯಾರಿಸ್ಸಿಗೆ ಬಂದು ದೊಂಬರಾಟದ ತಂಡವೊಂದರಲ್ಲಿದ್ದ.

ಜೆರಿಕೊ ಆಗ ‘ಮೆಡ್ಯೂಸಾದ ತೆಪ್ಪ’ ಚಿತ್ರಕ್ಕೆ ತಯಾರಿ ನಡೆಸಿದ್ದ. 1816ರ ಜುಲೈನಲ್ಲಿ ಮೆಡ್ಯೂಸಾ ಎಂಬ ಫ್ರೆಂಚ್ ಹಡಗು ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಮರಳದಿಬ್ಬಕ್ಕೆ ಸಿಕ್ಕಿಕೊಂಡಿತು. ದೋಣಿಗಳು ಸಾಲದೆ ಸುಮಾರು 150 ಜನರನ್ನು ತೆಪ್ಪಕ್ಕೆ ಹತ್ತಿಸಿ, ನಡುನೀರಿನಲ್ಲಿ ಕೈಬಿಟ್ಟರು. 13 ದಿನಗಳ ಮೇಲೆ ಬೇರೊಂದು ಹಡಗಿನ ಕಣ್ಣಿಗೆ ಬಿದ್ದಾಗ ಉಸಿರಾಡುತ್ತಿದ್ದವರು 15 ಮಂದಿ.

ಬದುಕಿ ಬಂದ ಸವಿನ್ಯಿ, ಕೊರೆಯಾರ್ ಇಬ್ಬರನ್ನೂ ಕಂಡು ಜೆರಿಕೊ ಕಥೆ ಕೇಳಿದ. ಹಡಗಿನ ಬಡಗಿಯಿಂದಲೇ ತೆಪ್ಪದ ಪುಟ್ಟ ಮಾದರಿ ಮಾಡಿಸಿದ. ಸತ್ತವರ ಕೈಕಾಲುಗಳನ್ನು ಸ್ಟುಡಿಯೋಗೆ ತರಿಸಿ ಬರೆದ. ಮೈಬಗ್ಗಿಸಿ ಬಿದ್ದ ಒಂದು ಆಕೃತಿಗೆ ಗೆಳೆಯ ದೆಲಕ್ರುವಾನನ್ನೇ ಮಲಗಿಸಿದ. ಹೀಗೆ ಒಂದೊಂದು ಮೈಯನ್ನೂ ಬಿಡಿಯಾಗಿ ಅಭ್ಯಾಸ ಮಾಡಿದ ಮೇಲೆಯೇ ಸುಮಾರು 5 ಮೀಟರ್ ಎತ್ತರ, 7 ಮೀಟರ್ ಅಗಲದ ಆ ಚಿತ್ರ 1819ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಯಿತು.

ಹಸಿದು ಸಾಯುತ್ತಿರುವವರಿಗೆ ಇಷ್ಟು ತುಂಬಿದ ಮೈ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಎದುರಿಗೆ ನಿಂತ ಮಾಡೆಲ್‌ಗಳಿಂದ ಬಂತು. ಅದು ಚಿತ್ರದ ದೋಷವೆಂದು ನನಗೆ ಅನ್ನಿಸುವುದಿಲ್ಲ. ದೂರದ ಹಡಗನ್ನು ಕರೆಯಲು ಮೈಯ ಕೊನೆಯ ಬಲವೆಲ್ಲ ಬೇಕು; ಆ ಬಲವನ್ನು ಜೆರಿಕೊ ನಿಜವಾದ ಸ್ನಾಯುಗಳಲ್ಲಿ ನೋಡಿ ಬರೆದ. ತೆಪ್ಪದ ತುತ್ತತುದಿಯಲ್ಲಿ ಬಟ್ಟೆ ಬೀಸುತ್ತ, ನಮಗೆ ಬೆನ್ನು ತೋರಿ ನಿಂತವನು ಒಬ್ಬ ಕಪ್ಪು ಮನುಷ್ಯ. ಆ ಆಕೃತಿಗೆ ಆಧಾರ ಜೋಸೆಫ್. ಫ್ರಾನ್ಸಿನ ವಸಾಹತುಗಳಲ್ಲಿ ಗುಲಾಮಗಿರಿ 1848ರವರೆಗೂ ಉಳಿಯಿತು. ಅಂಥ ಕಾಲದಲ್ಲಿ ಎಲ್ಲರ ಆಸೆಯನ್ನೂ ಅವನ ಕೈಗೆ ಕೊಟ್ಟದ್ದು ದೊಡ್ಡ ಮಾತು.

ಜೆರಿಕೊ 1824ರಲ್ಲಿ, 32ರ ವಯಸ್ಸಿಗೇ ತೀರಿಕೊಂಡ. ಜೋಸೆಫ್ ಮುಂದೆ ಪ್ಯಾರಿಸ್ಸಿನ ಸರ್ಕಾರಿ ಕಲಾಶಾಲೆಯ ಸಂಬಳದ ಮಾಡೆಲ್ ಆದ. ಆದರೂ ಅವನ ಮನೆತನದ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ.

ಚಿತ್ರ ಕಲಿಯುವ ಮಕ್ಕಳಲ್ಲಿ ನನ್ನದೊಂದೇ ಬೇಡಿಕೆ: ನಿಮಗಾಗಿ ಅಲುಗಾಡದೆ ಕುಳಿತವರ ಪೂರ್ತಿ ಹೆಸರು ಕೇಳಿ, ಅವರು ಒಪ್ಪಿದರೆ ಹಾಳೆಯ ಮೂಲೆಯಲ್ಲಿ ನಿಮ್ಮ ಸಹಿಯ ಪಕ್ಕದಲ್ಲೇ ಬರೆಯಿರಿ. ಆ ಚಿತ್ರದಲ್ಲಿ ಅವರ ದುಡಿಮೆಯೂ ಇದೆ.