ಮೆದುಳಿನ ಅಗುಳಿ

ಪ್ಯಾರಿಸ್ಸಿನ ವೈದ್ಯ ಫೆಲಿಕ್ಸ್ ವಿಕ್ ದಜೀರನು 1786ರಲ್ಲಿ ಅಂಗರಚನೆಯನ್ನು ಕುರಿತ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಮನುಷ್ಯನ ಮೆದುಳನ್ನು ನಾನಾ ಮಟ್ಟಗಳಲ್ಲಿ ಕೊಯ್ದು, ಅಲ್ಲಿ ಕಂಡುದನ್ನು ಬಣ್ಣದ ಚಿತ್ರಪಟಗಳಲ್ಲಿ ತೋರಿಸಿದುದು ಆ ಗ್ರಂಥದ ವಿಶೇಷ. ಮುಂದೆ ಈತನು ಮರೀ ಆಂತ್ವಾನೆತ್ ರಾಣಿಗೆ ವೈದ್ಯನಾಗಿ, ಕ್ರಾಂತಿಯ ಭೀಕರ ದಿನಗಳಲ್ಲಿ, 1794ರಲ್ಲಿ ತೀರಿಕೊಂಡನು. ಅವನ ಚಿತ್ರಗಳಲ್ಲಿ, ಬಿಳಿಯ ನಾರುಗಳ ನಡುವೆ, ಸಣ್ಣದೊಂದು ಬೂದುಬಣ್ಣದ ಗೆರೆ ಕಾಣಿಸುವುದು. ಅದಕ್ಕೆ ನೆಲೆಯಾದ ಹೆಸರು ದೊರೆಯಲು ಇನ್ನೂ ಕೆಲವು ದಶಕಗಳು ಬೇಕಾದುವು. ಅದರ ಕೆಲಸವೇನೆಂಬ ಪ್ರಶ್ನೆಯಾದರೋ ಎರಡು ಶತಮಾನಗಳು ಕಳೆದರೂ ತೀರದೆ ಉಳಿದಿದೆ.

ಹೆಸರಿಟ್ಟವನು ಕೋನಿಗ್ಸ್‌ಬರ್ಗಿನ ಪಂಡಿತ ಕಾರ್ಲ್ ಫ್ರೀಡ್ರಿಕ್ ಬುರ್ಡಾಖ್. 1822ರಲ್ಲಿ ಅವನು ಇದನ್ನು ‘ಕ್ಲಾಸ್ಟ್ರಮ್’ ಎಂದು ಕರೆದನು. ಲ್ಯಾಟಿನ್ ಭಾಷೆಯಲ್ಲಿ ಈ ಮಾತಿಗೆ ಅಗುಳಿ, ತಡೆ ಎಂದರ್ಥ. ಜರ್ಮನ್ನರಲ್ಲಿ ‘ಮುಂಗೋಡೆ’ ಎಂಬರ್ಥದ ಹೆಸರೂ ಬಳಕೆಗೆ ಬಂದಿತು. ಎರಡೂ ಆಕಾರವನ್ನು ನೋಡಿ ಇಟ್ಟ ಹೆಸರುಗಳೇ ಹೊರತು ಗುಣವನ್ನರಿತು ಇಟ್ಟವಲ್ಲ. ಮೆದುಳಿನ ಎರಡು ಪಾರ್ಶ್ವಗಳಲ್ಲಿಯೂ ಅದರ ಹೊರಪದರವು ಒಳಕ್ಕೆ ಮಡಿಚಿಕೊಂಡು ಇನ್ಸುಲಾ, ಎಂದರೆ ದ್ವೀಪ, ಎಂಬ ಭಾಗವಾಗಿದೆ. ಅದರ ಒಳಮಗ್ಗುಲಿಗೆ ಬಿಳಿಯ ನಾರುಗಳ ಒಂದು ಪೊರೆ, ಅದರಾಚೆ ಕ್ಲಾಸ್ಟ್ರಮ್, ಅದರಾಚೆ ಮತ್ತೊಂದು ಪೊರೆ, ಆಮೇಲೆ ಅಂಗಚಲನೆಗೆ ಸಂಬಂಧಿಸಿದ ಪುಟಾಮೆನ್ ಎಂಬ ದಪ್ಪ ಗಂಟು. ಕ್ಲಾಸ್ಟ್ರಮ್ ಕೆಲವೆಡೆ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಇದು ಇನ್ಸುಲಾದಿಂದ ಕಳಚಿಕೊಂಡ ಪದರವೋ, ಒಳಗಣ ಗಂಟುಗಳ ಬಳಗಕ್ಕೆ ಸೇರಿದುದೋ ಎಂದು ಪಂಡಿತರು ಬಹುಕಾಲ ವಾದಿಸಿದರು. ವಿಯೆನ್ನಾದ ಮೈನರ್ಟನು ಮೊದಲನೆಯ ಪಕ್ಷದವನು.

ಆ ಶತಮಾನದಲ್ಲಿ ಮೆದುಳಿನ ಭಾಗಗಳ ಕೆಲಸವನ್ನು ತಿಳಿಯಲು ದಾರುಣವಾದ ಮಾರ್ಗವೊಂದಿದ್ದಿತು: ಯಾವ ಭಾಗ ಕೆಟ್ಟರೆ ಯಾವ ಶಕ್ತಿ ತಪ್ಪುವುದೆಂದು ನೋಡುವುದು. 1861ರಲ್ಲಿ ಬ್ರೋಕನು ಮಾತು ಕಳೆದುಕೊಂಡಿದ್ದ ರೋಗಿಯೊಬ್ಬನ ಮೆದುಳನ್ನು ಅವನ ಮರಣಾನಂತರ ಪರೀಕ್ಷಿಸಿ, ವಾಕ್‌ಶಕ್ತಿಯನ್ನು ಎಡಭಾಗದ ಒಂದು ನೆಲೆಗೆ ಸಂಬಂಧಿಸಿದುದು ಹೀಗೆಯೇ. ಕ್ಲಾಸ್ಟ್ರಮಿನ ವಿಷಯದಲ್ಲಿ ಈ ಮಾರ್ಗ ಸಾಗಲಿಲ್ಲ. ರಕ್ತನಾಳ ಒಡೆದರೂ ಗಡ್ಡೆ ಬೆಳೆದರೂ ಪೆಟ್ಟು ಬಿದ್ದರೂ ಇಷ್ಟು ತೆಳುವಾದ ಹಾಳೆಯೊಂದೇ ಕೆಟ್ಟು ನೆರೆಯವು ಉಳಿಯುವುದು ಅತ್ಯಪರೂಪ. ಅದೂ ಎರಡು ಪಾರ್ಶ್ವಗಳಲ್ಲಿ ಒಮ್ಮೆಗೇ ಆಗುವುದೆಂದರೆ ನಿರೀಕ್ಷಿಸುವಂತೆಯೇ ಇಲ್ಲ. ಪ್ರಕೃತಿಯು ಅಗುಳಿಯನ್ನು ಬಾಗಿಲಿನೊಳಗೇ ಹುದುಗಿಸಿಟ್ಟಂತಾಯಿತು.

ಕೆಲಸ ತಿಳಿಯದಿದ್ದರೂ ಸಂಬಂಧಗಳು ಒಂದೊಂದಾಗಿ ತಿಳಿದುಬಂದುವು. ನರತಂತುಗಳ ಹಾದಿಯನ್ನು ಗುರುತಿಸುವ ದ್ರವ್ಯಗಳನ್ನು ಪ್ರಾಣಿಗಳ ಮೆದುಳಿಗೆ ಸೇರಿಸಿ ನೋಡಲಾಗಿ, ಹೊರಪದರದ ಹೆಚ್ಚುಕಡಮೆ ಎಲ್ಲ ಪ್ರಾಂತಗಳಿಂದಲೂ ಇಲ್ಲಿಗೆ ತಂತುಗಳು ಬರುತ್ತವೆ, ಇಲ್ಲಿಂದ ಆ ಪ್ರಾಂತಗಳಿಗೆ ಮರಳಿ ಹೋಗುತ್ತವೆ ಎಂಬುದು ಕಂಡುಬಂದಿತು. ಒಂದು ಮೂಲೆಯ ಚಿಕ್ಕ ಕಚೇರಿಗೆ ರಾಜ್ಯದ ಎಲ್ಲ ಊರುಗಳಿಂದಲೂ ಓಲೆಗಳು ಬಂದು, ಎಲ್ಲ ಊರುಗಳಿಗೂ ಓಲೆಗಳು ಹೋಗುತ್ತಿದ್ದರೆ ನೋಡುವವರಿಗೆ ಏನೆನಿಸೀತು?

ಫ್ರಾನ್ಸಿಸ್ ಕ್ರಿಕ್ಕನಿಗೆ ಅನಿಸಿದುದೂ ಅದೇ. 1953ರಲ್ಲಿ ವಾಟ್ಸನ್ನನೊಡನೆ ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿದು, 1962ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಇಂಗ್ಲಿಷ್ ವಿಜ್ಞಾನಿ ಕಡೆಯ ದಶಕಗಳನ್ನು ಕ್ಯಾಲಿಫೋರ್ನಿಯದಲ್ಲಿ ಪ್ರಜ್ಞೆಯ ವಿಚಾರಕ್ಕೆ ಮೀಸಲಿಟ್ಟಿದ್ದನು. ಆಕಾರದಿಂದ ಕಾರ್ಯವನ್ನು ಊಹಿಸಿ ಒಮ್ಮೆ ಗೆದ್ದವನು ಅವನು. ಎರಡನೆಯ ಸಲವೂ ಆ ದಾರಿಯನ್ನೇ ಹಿಡಿದುದು ಸಹಜ. ಕೈಯಲ್ಲಿ ಮಾವಿನ ಹಣ್ಣೊಂದಿದ್ದರೆ ಬಣ್ಣ, ಕಂಪು, ಮೆದುತನ ಇವು ಮೆದುಳಿನ ಬೇರೆ ಬೇರೆ ಎಡೆಗಳಲ್ಲಿ ಗ್ರಹಿಸಲ್ಪಡುತ್ತವೆ; ಆದರೂ ಅನುಭವಕ್ಕೆ ಬರುವುದು ಒಂದೇ ಹಣ್ಣು. ಬಿಡಿಯಾದುವನ್ನು ಒಂದಾಗಿಸುವ ಸ್ಥಾನ ಕ್ಲಾಸ್ಟ್ರಮ್ ಆಗಿರಬಹುದೆಂದು ಅವನೂ ಕ್ರಿಸ್ಟಫ್ ಕೋಖನೂ ಊಹಿಸಿ, ಅದನ್ನು ವಾದ್ಯವೃಂದದ ನಾಯಕನಿಗೆ ಹೋಲಿಸಿದರು. ಕರುಳಿನ ಅರ್ಬುದರೋಗದಿಂದ ಬಳಲುತ್ತಿದ್ದ ಕ್ರಿಕ್ಕನು 2004ರ ಜುಲೈ 28ರಂದು, 88ನೆಯ ವಯಸ್ಸಿನಲ್ಲಿ, ಕಾಲವಾದನು. ಕೊನೆಯ ಗಳಿಗೆಗಳವರೆಗೂ ಅವನು ಈ ಪ್ರಬಂಧದ ಕರಡನ್ನು ತಿದ್ದುತ್ತಿದ್ದನು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾದುದು 2005ರಲ್ಲಿ.

ಊಹೆಯ ಬೆಲೆ ಪರೀಕ್ಷೆಯಿಂದ ತಿಳಿಯಬೇಕಷ್ಟೆ. 2010ರಲ್ಲಿ ಕೋತಿಗಳನ್ನು ಪರೀಕ್ಷಿಸಿದವರು, ಕ್ಲಾಸ್ಟ್ರಮಿನಲ್ಲಿ ನೋಟಕ್ಕೆ ಸ್ಪಂದಿಸುವ ಕೋಶಗಳು ಒಂದೆಡೆ, ಶಬ್ದಕ್ಕೆ ಸ್ಪಂದಿಸುವವು ಇನ್ನೊಂದೆಡೆ ಇರುವುದನ್ನು ಕಂಡರು. ಇವು ಒಂದರೊಡನೊಂದು ಬೆರೆತ ಸುಳಿವು ಹೆಚ್ಚಾಗಿ ಸಿಕ್ಕಲಿಲ್ಲ. 2014ರಲ್ಲಿ ಅಮೆರಿಕದಿಂದ ವಿಚಿತ್ರವಾದ ವರದಿಯೊಂದು ಬಂದಿತು. ಅಪಸ್ಮಾರದಿಂದ ನರಳುತ್ತಿದ್ದ 54 ವರ್ಷದ ಹೆಂಗಸಿಗೆ ಎಡಗಡೆಯ ಕ್ಲಾಸ್ಟ್ರಮಿನ ಬಳಿ ಸಣ್ಣ ವಿದ್ಯುತ್ಪ್ರವಾಹ ಕೊಟ್ಟಾಗ, ಓದುತ್ತಿದ್ದವಳು ಓದನ್ನು ನಿಲ್ಲಿಸಿ, ಕಣ್ಣು ತೆರೆದಿದ್ದರೂ ಕರೆಗೆ ಓಗೊಡದೆ ಕುಳಿತುಬಿಟ್ಟಳು. ಪ್ರವಾಹ ನಿಲ್ಲಿಸಿದೊಡನೆ ಎಚ್ಚತ್ತಳು. ನಡುವೆ ನಡೆದುದರ ನೆನಪೇ ಇರಲಿಲ್ಲ. ಅಗುಳಿ ಸರಿದಂತಾಯಿತೆಂದು ಹಲವರು ಹಿಗ್ಗಿದರು. ಆದರೆ ಅವಳೊಬ್ಬಳೇ ರೋಗಿ. ಆಕೆಯ ಮೆದುಳಿನ ಬೇರೊಂದು ಭಾಗಕ್ಕೆ ಮೊದಲೇ ಶಸ್ತ್ರಚಿಕಿತ್ಸೆ ಆಗಿದ್ದಿತು. 2015ರಲ್ಲಿ ಯುದ್ಧದಲ್ಲಿ ತಲೆಗೆ ಗಾಯವಾದ 171 ಸೈನಿಕರನ್ನು ಕುರಿತು ಹೊರಬಂದ ವಿಮರ್ಶೆಯಲ್ಲಿ, ಕ್ಲಾಸ್ಟ್ರಮ್ ಕೆಟ್ಟವರ ಮೂರ್ಛೆ ಹೆಚ್ಚು ಹೊತ್ತು ಇದ್ದಿತೆಂದು ಕಂಡಿತೇ ಹೊರತು ಅವರೇ ಹೆಚ್ಚಾಗಿ ಮೂರ್ಛೆ ಹೋದರೆಂದು ಕಾಣಲಿಲ್ಲ. 2019ರಲ್ಲಿ ಬೇರೆ ರೋಗಿಗಳ ಕ್ಲಾಸ್ಟ್ರಮಿಗೆ ವಿದ್ಯುತ್ತು ಕೊಟ್ಟಾಗ ಎಚ್ಚರ ತಪ್ಪಲಿಲ್ಲ.

ಪ್ರಜ್ಞೆಯ ಸಿಂಹಾಸನವನ್ನು ಹುಡುಕುತ್ತಿದ್ದವರಿಗೆ ನಿದ್ರೆಯ ಸುಳಿವು ಸಿಕ್ಕಿದುದು ಸ್ವಾರಸ್ಯ. 2020ರಲ್ಲಿ ಜಪಾನಿನ ಶೋಧಕರು ಇಲಿಗಳ ಕ್ಲಾಸ್ಟ್ರಮಿನ ಕೋಶಗಳನ್ನು ಕೆರಳಿಸಿದಾಗ ಹೊರಪದರವು ವಿಸ್ತಾರವಾಗಿ ಒಮ್ಮೆಗೇ ಮೌನ ತಾಳಿತು. ಗಾಢನಿದ್ರೆಯ ನಿಧಾನವಾದ ಅಲೆಗಳಿಗೂ ಅದಕ್ಕೂ ನಂಟು ಕಂಡಿತು. ವಾದ್ಯವೃಂದದ ನಾಯಕನಿರುವುದು ನಿಜವಾದರೆ, ಅವನು ನುಡಿಸುವುದಕ್ಕಿಂತ ತಣಿಸುವುದಕ್ಕೆ ಕೈಯೆತ್ತುವವನೆನ್ನಬೇಕು. ಅದೇ ವರ್ಷ ಫ್ರಾಂಕ್‌ಫರ್ಟಿನಲ್ಲಿ, ಆಸ್ಟ್ರೇಲಿಯದ ಒಂದು ಜಾತಿಯ ಓತಿಕೇತದಲ್ಲಿಯೂ ಕ್ಲಾಸ್ಟ್ರಮ್ ಉಂಟೆಂದು ತೋರಿಸಲಾಯಿತು. ಆ ಭಾಗವನ್ನು ಕೆಡಿಸಿದಾಗ ಓತಿಕೇತವು ಎಂದಿನಂತೆ ನಿದ್ರಿಸಿತು. ನಿದ್ರೆಯಲ್ಲಿ ಅದರ ಮೆದುಳಿನಿಂದ ಏಳುತ್ತಿದ್ದ ಒಂದು ಬಗೆಯ ಚೂಪಾದ ಅಲೆಗಳು ಮಾತ್ರ ಅಡಗಿಹೋದುವು.