ಹೊರದೇಶದ ಓದಿಗೆ ಯಾರ ಅಪ್ಪಣೆ ಬೇಕಿತ್ತು?

ಪಿಯುಸಿ ಫಲಿತಾಂಶ, ಅದರ ಬೆನ್ನಿಗೇ ನೀಟ್ ಫಲಿತಾಂಶ ಬಂತೆಂದರೆ ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಫೋನುಗಳಲ್ಲಿ ಒಂದೇ ತರದ ಮೆಸೇಜು ಓಡಾಡುತ್ತವೆ. ಕಡಿಮೆ ಖರ್ಚಿನಲ್ಲಿ ಎಂಬಿಬಿಎಸ್, ಡೊನೇಶನ್ ಇಲ್ಲ, ಹಾಸ್ಟೆಲಿನಲ್ಲಿ ನಮ್ಮದೇ ಊಟ. ದೇಶದ ಹೆಸರು ಮಾತ್ರ ಬದಲಾಗುತ್ತಿರುತ್ತದೆ: ರಷ್ಯಾ, ಚೀನಾ, ಉಕ್ರೇನ್, ಆಮೇಲೆ ಜಾರ್ಜಿಯಾ, ಕಿರ್ಗಿಸ್ತಾನ್, ಉಜ್ಬೇಕಿಸ್ತಾನ್. ಹೋಗಲು ಏನೇನು ಬೇಕು ಎಂದು ಆ ಮೆಸೇಜು ಹೇಳುತ್ತದೆ. ಓದು ಮುಗಿಸಿ ಊರಿಗೆ ಬಂದ ಮೇಲೆ ಏನು ಬೇಕು ಎಂಬ ಮಾತು ಅದರಲ್ಲಿ ಇರುವುದಿಲ್ಲ.

ನಮ್ಮ ಮುತ್ತಜ್ಜರ ಕಾಲದಲ್ಲಿ ಹೊರದೇಶದ ಓದನ್ನು ತಡೆಯುವ ಕಟ್ಟಳೆಗಳು ಹೆಚ್ಚಾಗಿ ಹೊರಡುವ ಬಾಗಿಲಲ್ಲೇ ನಿಂತಿದ್ದವು. ಇವತ್ತು ಆ ಬಾಗಿಲು ಅಗಲವಾಗಿದೆ. ಕಿರಿದಾಗಿರುವುದು ತಿರುಗಿ ಬರುವ ಬಾಗಿಲು. ಇದು ಹೇಗಾಯಿತು ಅನ್ನುವುದಕ್ಕೆ ಒಂದು ಇತಿಹಾಸವಿದೆ, ಅದರ ಕೆಲವು ಪುಟಗಳು ನಮ್ಮ ಸೀಮೆಯವೇ.

ಮೊದಲ ಪುಟ ಬಾದಾಮಿಯ ಕಾಲದ್ದು. ಏಳನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಇಲ್ಲಿನ ಅರಸನ ಮತ್ತು ಜನರ ಬಗ್ಗೆ ಬರೆದಿಟ್ಟ ಚೀನಾದ ಹ್ಯೂಯೆನ್‌ತ್ಸಾಂಗನ ಹೆಸರನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪಠ್ಯದಲ್ಲಿ ಅವನನ್ನು ಯಾತ್ರಿಕ ಎಂದು ಬರೆದಿರುತ್ತಾರೆ. ಆದರೆ ಅವನು ಹೊರದೇಶಕ್ಕೆ ಓದಲು ಬಂದ ವಿದ್ಯಾರ್ಥಿಯೂ ಹೌದು. ಚೀನಾದ ಗಡಿ ದಾಟಬಾರದೆಂದು ಅಪ್ಪಣೆ ಇದ್ದಾಗ ಕದ್ದು ಹೊರಟು ಬಂದವನು, ನಳಂದಾದಲ್ಲಿ ವರ್ಷಗಟ್ಟಲೆ ಕಲಿತವನು. ನಳಂದಾದ ಪ್ರವೇಶದ ಬಗ್ಗೆ ಅವನು ಬರೆದ ಒಂದು ಸಂಗತಿ ಸ್ವಾರಸ್ಯವಾಗಿದೆ: ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಕಠಿಣ ಪ್ರಶ್ನೆ ಕೇಳುತ್ತಿದ್ದರಂತೆ, ಹತ್ತು ಜನರಲ್ಲಿ ಏಳೆಂಟು ಜನ ಉತ್ತರ ಕೊಡಲಾಗದೆ ವಾಪಸು ಹೋಗುತ್ತಿದ್ದರಂತೆ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಮುದ್ರ ದಾಟುವುದು ಕೂಡ ನಮ್ಮವರಿಗೆ ಹೊಸದಾಗಿರಲಿಲ್ಲ. ಹುನಗುಂದ ತಾಲೂಕಿನ ಐಹೊಳೆಯಿಂದ ಹೆಸರು ಪಡೆದ 'ಅಯ್ಯಾವೊಳೆ ಐನೂರ್ವರು' ಎಂಬ ವ್ಯಾಪಾರಿಗಳ ಸಂಘ ಇತ್ತು. ಈ ಸಂಘದ ಹೆಸರಿರುವ 1088ರ ತಮಿಳು ಶಾಸನವೊಂದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದೆ. ಹೀಗಿದ್ದರೂ ಮುಂದೆ ಯಾವುದೋ ಕಾಲಕ್ಕೆ ಮೇಲ್ಜಾತಿಗಳಲ್ಲಿ ಸಮುದ್ರ ದಾಟಿದವನು ಮೈಲಿಗೆ ಎಂಬ ಕಟ್ಟಳೆ ಗಟ್ಟಿಯಾಯಿತು. 1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಓದಲು ಮುಂಬಯಿಯಿಂದ ಹೊರಟಾಗ ಅವರ ಜಾತಿಯ ಪಂಚಾಯಿತಿ ಸೇರಿ ಅವರನ್ನು ಜಾತಿಯಿಂದ ಹೊರಗೆ ಹಾಕಿತು. ಮೂರು ವರ್ಷ ಬಿಟ್ಟು ಬಂದಾಗ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ನದಿಯಲ್ಲಿ ಮುಳುಗಿಸಿ, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಆಗಿನ ತಿರುಗಿ ಬರುವ ಬಾಗಿಲು ಒಂದು ಸ್ನಾನ, ಒಂದು ಊಟಕ್ಕೆ ತೆರೆಯುತ್ತಿತ್ತು!

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗುವ ನಿಯಮವೂ ಊಟದ್ದೇ. ಪರೀಕ್ಷೆ ಪಾಸಾದರೆ ಸಾಲದು, ಹನ್ನೆರಡು ಟರ್ಮು ಮುಗಿಸಬೇಕು. ಪ್ರತಿ ಟರ್ಮಿನಲ್ಲಿ ವಕೀಲರ ಸಂಸ್ಥೆಯ ಊಟದ ಮನೆಯಲ್ಲಿ ಕನಿಷ್ಠ ಆರು ಸಲ ಎಲ್ಲರ ಜೊತೆ ಊಟಕ್ಕೆ ಕೂತರೆ ಆ ಟರ್ಮು ಮುಗಿದಂತೆ. ಕೇಂಬ್ರಿಜ್‌ನಲ್ಲಿ 1919ರವರೆಗೆ ಗ್ರೀಕ್ ಭಾಷೆ ಕಡ್ಡಾಯವಿತ್ತು. ಇವತ್ತು ಇಂಗ್ಲಿಷ್ ಪರೀಕ್ಷೆಯ ಬ್ಯಾಂಡ್ ಸ್ಕೋರಿಗಾಗಿ ಒದ್ದಾಡುವವರು ಇದನ್ನು ಓದಿ ಸ್ವಲ್ಪ ಸಮಾಧಾನ ಮಾಡಿಕೊಳ್ಳಬಹುದು.

ಆ ಕಾಲದಲ್ಲಿ ನಮ್ಮ ಊರುಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಜಿಲ್ಲೆಯ ಹೆಸರು ಕಲಾದಗಿ. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ವಿಜಾಪುರಕ್ಕೆ ಹೋಯಿತು, ಬಾಗಲಕೋಟೆ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಇಲ್ಲಿನ ಹುಡುಗನಿಗೆ ವಿಶ್ವವಿದ್ಯಾಲಯ ಅಂದರೆ 1857ರಲ್ಲಿ ಶುರುವಾದ ಮುಂಬಯಿ ವಿಶ್ವವಿದ್ಯಾಲಯ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ಬರುವವರೆಗೆ ಡಿಗ್ರಿ ಓದಲು ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬಾದಾಮಿಯ ಹುಡುಗನಿಗೆ ಅದೇ ಒಂದು ಪರದೇಶ. ಅಲ್ಲಿಂದ ಮುಂದೆ ಲಂಡನ್ನಿಗೆ ಹೋಗದೆ ದೊಡ್ಡ ಹುದ್ದೆ ಸಿಗುತ್ತಿರಲಿಲ್ಲ. ಕಲೆಕ್ಟರ್ ಆಗುವ ಐಸಿಎಸ್ ಪರೀಕ್ಷೆ 1922ರವರೆಗೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಹಡಗಿನ ಖರ್ಚು ಕೊಡಲಾಗದವನ ಮಗ ಎಷ್ಟೇ ಬುದ್ಧಿವಂತನಾದರೂ ಪರೀಕ್ಷೆಗೆ ಕೂರುವಂತೆಯೇ ಇರಲಿಲ್ಲ.

ಹುಡುಗಿಯಾಗಿದ್ದರೆ ಬಾಗಿಲಿಗೆ ಇನ್ನೊಂದು ಚಿಲಕ. ಬಾಲ್ಯದ ಕೆಲವು ವರ್ಷಗಳನ್ನು ನಮ್ಮ ಪಕ್ಕದ ಬೆಳಗಾವಿಯಲ್ಲಿ ಕಳೆದ ಕಾರ್ನೇಲಿಯಾ ಸೊರಾಬ್ಜಿ ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ. ಅವರು ಪಡೆದ ಅಂಕಕ್ಕೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಸಿಗಬೇಕಿತ್ತು. ಹೆಣ್ಣು ಎಂಬ ಕಾರಣಕ್ಕೆ ಕೊಡಲಿಲ್ಲ. ಬೇರೆಯವರ ನೆರವಿನಿಂದ ಆಕ್ಸ್‌ಫರ್ಡ್‌ಗೆ ಹೋಗಿ 1892ರಲ್ಲಿ ಕಾನೂನು ಪರೀಕ್ಷೆ ಬರೆದರು. ಅಲ್ಲಿಯೂ ಹೆಂಗಸರಿಗೆ ಪದವಿ ಕೊಡುವ ನಿಯಮ ಇರಲಿಲ್ಲ. ಪದವಿಯ ಕಾಗದ ಕೈಗೆ ಬಂದಾಗ 1922, ಅಂದರೆ ಮೂವತ್ತು ವರ್ಷ ಕಳೆದಿತ್ತು.

ಅದೇ ಮುಂಬಯಿ ವಿಶ್ವವಿದ್ಯಾಲಯದಿಂದ ಹೊರದೇಶಕ್ಕೆ ಹೋದ ಇನ್ನೊಬ್ಬರ ಕತೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. 1913ರಲ್ಲಿ ಬರೋಡಾ ಸಂಸ್ಥಾನ ಬಾಬಾಸಾಹೇಬ ಅಂಬೇಡ್ಕರ್ ಅವರಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಮಟ್ಟಿಗೆ ಕೊಟ್ಟಿತು. ಅದಕ್ಕೆ ಒಂದು ಕರಾರುಪತ್ರ: ಓದು ಮುಗಿಸಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕು. ಕೊಲಂಬಿಯಾದಿಂದ ಅವರು ಲಂಡನ್ನಿಗೆ ಹೋಗಿ ಓದುತ್ತಿದ್ದಾಗ ವೇತನದ ಅವಧಿ ಮುಗಿಯಿತು, 1917ರಲ್ಲಿ ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ನಾಲ್ಕು ವರ್ಷದೊಳಗೆ ತಿರುಗಿ ಬಂದರೆ ಓದು ಮುಂದುವರಿಸಬಹುದು ಎಂದು ಲಂಡನ್ ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಕರಾರಿನಂತೆ ಬರೋಡಾಕ್ಕೆ ಕೆಲಸಕ್ಕೆ ಹೋದವರಿಗೆ, ಜಾತಿಯ ಕಾರಣಕ್ಕೆ, ಆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಮುಂದೆ ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ದುಡ್ಡು ಮತ್ತು ಸಾಲದ ಮೇಲೆ 1920ರಲ್ಲಿ, ಆ ನಾಲ್ಕು ವರ್ಷ ಮುಗಿಯುವ ಮೊದಲೇ ಲಂಡನ್ನಿಗೆ ಹೋದರು. 1923ರಲ್ಲಿ ಡಿಎಸ್ಸಿ ಪದವಿ ಬಂತು. ಗಡುವು, ಕರಾರು, ಅರ್ಧಕ್ಕೆ ನಿಲ್ಲುವ ಹಣ: ಇವತ್ತು ಹೊರದೇಶದಲ್ಲಿ ಓದುವ ಬಡವರ ಮಕ್ಕಳ ತಲೆನೋವಿನ ಪಟ್ಟಿ ಎಲ್ಲ ಅಲ್ಲೇ ಇದೆ.

ನಮ್ಮ ಉತ್ತರ ಕರ್ನಾಟಕದಿಂದ ಈ ಬಾಗಿಲುಗಳನ್ನು ದಾಟಿದವರಲ್ಲಿ ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆ ಒಬ್ಬರು. ಧಾರವಾಡದಲ್ಲಿ ಓದಿ, ಕೇಂಬ್ರಿಜ್‌ಗೆ ಹೋಗಿ, ಗಣಿತದಲ್ಲಿ ಮೊದಲ ದರ್ಜೆ ಪಡೆದವರಿಗೆ ಕೊಡುವ ರ್‍ಯಾಂಗ್ಲರ್ ಎಂಬ ಮನ್ನಣೆಯೊಂದಿಗೆ ಬಂದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಆಗ ಅವಿಭಜಿತ ವಿಜಾಪುರ ಜಿಲ್ಲೆಯ ಕಾಲೇಜುಗಳೂ ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅವರ ಹೆಸರಿನ ಪ್ರತಿಷ್ಠಾನ ಧಾರವಾಡದ ವಿದ್ಯಾರ್ಥಿಗಳನ್ನು ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಕಳಿಸುತ್ತ ಬಂದಿದೆ. ವೀರಶೈವ ಧರ್ಮದ ಬಗ್ಗೆ ಲಂಡನ್ನಿನಲ್ಲಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದ ಶಿ.ಚ. ನಂದೀಮಠರೂ ಇದೇ ಸಾಲಿನವರು. ಅವರ ಇಂಗ್ಲಿಷ್ ಪುಸ್ತಕ 1942ರಲ್ಲಿ ಧಾರವಾಡದಲ್ಲೇ ಅಚ್ಚಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಹೊರಡುವ ಬಾಗಿಲ ಕಾವಲು ಜಾತಿ ಪಂಚಾಯಿತಿಯಿಂದ ರಿಸರ್ವ್ ಬ್ಯಾಂಕಿನ ಕೈಗೆ ಬಂತು. ದೇಶದಲ್ಲಿ ಡಾಲರು, ಪೌಂಡುಗಳ ಕೊರತೆ ಇದ್ದುದರಿಂದ 1947ರ ಮತ್ತು 1973ರ ವಿದೇಶಿ ವಿನಿಮಯ ಕಾನೂನುಗಳಡಿ ಹೊರಗೆ ಕಳಿಸುವ ಹಣಕ್ಕೆ ಲೆಕ್ಕ ಕೊಟ್ಟು ಅನುಮತಿ ಪಡೆಯಬೇಕಿತ್ತು. ದುಡ್ಡಿದ್ದವರೂ ಬೇಕಾದಂತೆ ಮಕ್ಕಳ ಫೀ ಕಟ್ಟುವಂತಿರಲಿಲ್ಲ. ಈ ಬಿಗಿ ಸಡಿಲವಾದದ್ದು 2000ದ ನಂತರ. 2004ರಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರ್ ಕಳಿಸಬಹುದು ಎಂದರು, ಈಗ ಅದು 2,50,000 ಡಾಲರ್. ಬ್ಯಾಂಕುಗಳ ಶಿಕ್ಷಣ ಸಾಲವೂ ಅದೇ ಹೊತ್ತಿಗೆ ಬಂತು. ಆದರೆ ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತಾರೆ, ಹೊಲವನ್ನು ಅಡವು ಹಿಡಿಯಲು ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಪೇಟೆಯಲ್ಲಿ ಒಂದು ಸೈಟಿದ್ದವನಿಗೆ ಸಿಗುವ ಸಾಲ ಹತ್ತೆಕರೆ ಎರೆಹೊಲ ಇದ್ದವನಿಗೆ ಸಿಗದಿರುವುದು ಹೀಗೆ.

ಹಣದ ಬಾಗಿಲು ತೆರೆಯುತ್ತಿದ್ದ ಆ ಹೊತ್ತಿಗೇ ತಿರುಗಿ ಬರುವ ಬಾಗಿಲಿಗೆ ಹೊಸ ಬೀಗ ಬಿತ್ತು. ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದ ಭಾರತೀಯರು ಇಲ್ಲಿ ಪರೀಕ್ಷೆ ಬರೆದು ಪಾಸಾಗಲೇಬೇಕು ಎಂದು 2001ರಲ್ಲಿ ಕಾನೂನು ತಿದ್ದಿ, 2002ರಲ್ಲಿ ಸ್ಕ್ರೀನಿಂಗ್ ಪರೀಕ್ಷೆ ಶುರು ಮಾಡಿದರು. ಅದನ್ನೇ ಎಫ್‌ಎಂಜಿಇ ಅನ್ನುವುದು. 300ಕ್ಕೆ 150 ಅಂಕ ಬರಬೇಕು. ಬಾಗಲಕೋಟೆಯಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಶುರುವಾದದ್ದೂ 2002ರಲ್ಲೇ. ಜಿಲ್ಲೆಗೆ ಕಾಲೇಜು ಬಂದರೂ ಸೀಟು ಎಲ್ಲರಿಗೂ ಸಿಗುವುದಿಲ್ಲ, ಖಾಸಗಿ ಕಾಲೇಜಿನ ಫೀ ಎಲ್ಲರಿಗೂ ಆಗುವುದಿಲ್ಲ. ಹಾಗಾಗಿ ಹೊರಗೆ ಹೋಗುವವರು ಹೆಚ್ಚಾದರು. 2024ರ ಜೂನ್ ತಿಂಗಳಿನ ಎಫ್‌ಎಂಜಿಇಯಲ್ಲಿ ಪಾಸಾದವರು ಐದು ಜನರಲ್ಲಿ ಒಬ್ಬರಷ್ಟೇ. ನಳಂದಾದ ಬಾಗಿಲಲ್ಲಿ ಹತ್ತರಲ್ಲಿ ಎರಡು ಮೂರು ಜನರಾದರೂ ಒಳಗೆ ಹೋಗುತ್ತಿದ್ದರು. ಅಲ್ಲಿ ಸೋತವನು ಅವತ್ತೇ ಊರ ದಾರಿ ಹಿಡಿಯುತ್ತಿದ್ದ, ಇಲ್ಲಿ ಸೋತವನು ಆರು ವರ್ಷ ಮತ್ತು ಅಪ್ಪನ ಸಾಲ ಎರಡನ್ನೂ ಕಳೆದುಕೊಂಡು ನಿಂತಿರುತ್ತಾನೆ.

2018ರಲ್ಲಿ ಹೊರಗೆ ಹೋಗುವವರಿಗೂ ನೀಟ್ ಕಡ್ಡಾಯವಾಯಿತು. 2021ರ ನವೆಂಬರ್ 18ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮ ಇನ್ನೂ ಬಿಗಿ. ಕೋರ್ಸು ಕನಿಷ್ಠ 54 ತಿಂಗಳಿರಬೇಕು. ಪಾಠ ಇಂಗ್ಲಿಷಿನಲ್ಲಿ ಇರಬೇಕು. ಓದಿದ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಬೇಕು, ಭಾರತಕ್ಕೆ ಬಂದು ಮತ್ತೆ 12 ತಿಂಗಳು ಮಾಡಬೇಕು. ಆ ಪದವಿಯಿಂದ ಆ ದೇಶದ ಪ್ರಜೆಯಂತೆಯೇ ಅಲ್ಲಿ ವೈದ್ಯ ವೃತ್ತಿ ಮಾಡಲು ಅರ್ಹತೆ ಸಿಗುವಂತಿರಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಎಲ್ಲವೂ ಮುಗಿಯಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ನೋಂದಣಿ ಆಗುವುದಿಲ್ಲ. ಏಜೆಂಟರ ಮೆಸೇಜಿನಲ್ಲಿ "ಮಾನ್ಯತೆ ಇದೆ" ಎಂದು ಬರೆದಿರುತ್ತಾರಲ್ಲ, ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು. ರೋಗಿಯ ದೃಷ್ಟಿಯಿಂದ ನೋಡಿದರೆ ಈ ನಿಯಮಗಳು ಬೇಕು ಅಂತಲೇ ನಾವು ಹೇಳುತ್ತೇವೆ. ನಮ್ಮ ತಕರಾರು ಇಷ್ಟೇ: ನಿಯಮ ದಿಲ್ಲಿಯ ರಾಜ್ಯಪತ್ರದಲ್ಲಿ ಅಚ್ಚಾಗುತ್ತದೆ, ಹಳ್ಳಿಗೆ ಅದನ್ನು ಹೇಳುವವರು ಸೀಟು ಮಾರುವವರೇ.

ಈ ನಿಯಮ ಬಂದು ಮೂರು ತಿಂಗಳಿಗೆ ಉಕ್ರೇನ್ ಯುದ್ಧ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕು ತೀರಿಕೊಂಡ. ಸಾವಿರಾರು ಮಕ್ಕಳು ವಿಮಾನದಲ್ಲಿ ಜೀವ ಉಳಿಸಿಕೊಂಡು ಬಂದರು. ಬಂದ ಮೇಲೆ ಶುರುವಾದದ್ದು ನಿಯಮದ ಯುದ್ಧ. ವೈದ್ಯಕೀಯ ಓದು ಆನ್‌ಲೈನಿನಲ್ಲಿ ನಡೆಯುವುದಿಲ್ಲ, ಅರ್ಧಕ್ಕೆ ಬಿಟ್ಟು ಬಂದವರನ್ನು ಇಲ್ಲಿನ ಕಾಲೇಜಿಗೆ ಸೇರಿಸಲು ಕಾನೂನಿಲ್ಲ. ಸೇರಿಸಲಾಗದು ಎಂದು ಕೇಂದ್ರ ಸರ್ಕಾರ ಅದೇ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೂ ಹೇಳಿತು. ಬೇರೆ ದೇಶದ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಲು ಆಯೋಗ ಒಪ್ಪಿತು, ಆದರೆ ಅದಕ್ಕೆ ಮತ್ತೆ ವೀಸಾ, ಮತ್ತೆ ಹಣ. 2023ರ ಮಾರ್ಚಿನಲ್ಲಿ ಕೊನೆಯ ವರ್ಷದವರಿಗೆ ಒಂದು ಸಲದ ಅವಕಾಶ ಸಿಕ್ಕಿತು: ಇಲ್ಲಿನ ಕಾಲೇಜಿಗೆ ಸೇರದೆಯೇ ಎಂಬಿಬಿಎಸ್ ಅಂತಿಮ ಪರೀಕ್ಷೆಯ ಎರಡೂ ಭಾಗ ಬರೆದು, ಪಾಸಾದರೆ ಎರಡು ವರ್ಷ ಇಂಟರ್ನ್‌ಶಿಪ್ ಮಾಡಬಹುದು. ಮೊದಲ, ಎರಡನೇ ವರ್ಷದಲ್ಲಿದ್ದವರಿಗೆ ಅದೂ ಇರಲಿಲ್ಲ.

ವೈದ್ಯಕೀಯ ಬಿಟ್ಟು ಬೇರೆ ಪದವಿಗಳ ಕತೆ ಇಷ್ಟು ಕಠಿಣವಲ್ಲ. ಅವುಗಳ ಸಮಾನತೆಯನ್ನು ಬಹುಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನೋಡುತ್ತಿತ್ತು, 2025ರ ಏಪ್ರಿಲಿನಲ್ಲಿ ಯುಜಿಸಿ ಅದಕ್ಕೆ ತನ್ನದೇ ನಿಯಮ ಹೊರಡಿಸಿತು.

ಕೊನೆಗೆ ಹಣವಿಲ್ಲದವರ ದಾರಿ. ಪರಿಶಿಷ್ಟ ಜಾತಿ ಮತ್ತು ಇತರ ಕೆಲವು ವರ್ಗದವರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954–55ರಿಂದಲೇ ಇದೆ. ವಯಸ್ಸು 35ರೊಳಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಹಿಂದಿನ ಪದವಿಯಲ್ಲಿ ಶೇಕಡಾ 60 ಅಂಕ ಇರಬೇಕು. ಕರ್ನಾಟಕ ಸರ್ಕಾರದ್ದೂ 'ಪ್ರಬುದ್ಧ' ಎಂಬ ಯೋಜನೆ ಇದೆ. ಇವುಗಳ ಬಗ್ಗೆ ಗೋಡೆಯ ಮೇಲೆ ಯಾರೂ ಬರೆಸುವುದಿಲ್ಲ, ಕಮಿಷನ್ ಸಿಗುವುದಿಲ್ಲವಲ್ಲ. ತಾಲೂಕಿನ ಸಮಾಜ ಕಲ್ಯಾಣ ಇಲಾಖೆ ಕಚೇರಿಯಲ್ಲಿ ಕೇಳಿ ನೋಡಬಹುದು.

ಆದರೆ 2022ರಲ್ಲಿ ಕೇಂದ್ರದ ಯೋಜನೆಗೆ ಒಂದು ಹೊಸ ಷರತ್ತು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜದ ಅಧ್ಯಯನ ಇಂಥ ವಿಷಯಗಳಿಗೆ ಈ ಹಣ ಇಲ್ಲ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಜಾರ್ಜ್ ಮಿಚೆಲ್ ಲಂಡನ್ನಿನಲ್ಲಿ ಓದಿ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳ ಮೇಲೆ ಪುಸ್ತಕ ಬರೆದರು. ಬಾದಾಮಿಯ ದಲಿತ ಕೇರಿಯ ಹುಡುಗಿಯೊಬ್ಬಳು ಅದೇ ಲಂಡನ್ನಿನಲ್ಲಿ ಅದೇ ಗುಡಿಗಳ ಬಗ್ಗೆ ಓದುತ್ತೇನೆಂದು ಅರ್ಜಿ ಹಾಕಿದರೆ ಈ ಷರತ್ತಿನಡಿ ಅದು ತಿರಸ್ಕಾರವಾಗುತ್ತದೆ. ನಂದೀಮಠರ ವಿಷಯಕ್ಕೂ ಹಣ ಸಿಗುತ್ತಿರಲಿಲ್ಲ. ಕೊಲಂಬಿಯಾದಲ್ಲಿ 1916ರಲ್ಲಿ ಅಂಬೇಡ್ಕರ್ ಓದಿದ ಪ್ರಬಂಧ ಭಾರತದ ಜಾತಿಗಳ ಬಗ್ಗೆ ಇತ್ತು.