ದಾದಿಯರು ಕೆಲಸ ಬಿಡಲು ಯೋಚಿಸುವುದೇಕೆ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮನೆಯ ಮಗಳೋ ಸೊಸೆಯೋ ದಾದಿಯಾಗಿರುವ ಕುಟುಂಬಗಳು ಹಲವಾರು. ಅವರಲ್ಲೊಬ್ಬರು ಕೆಲಸ ಬಿಟ್ಟರೆ "ಸೇವಾ ಮನೋಭಾವ ಕಡಿಮೆಯಾಯಿತು" ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬಹಳಷ್ಟು ಮಂದಿಗೆ ಬೇಸರ ಬರುವುದು ರೋಗಿಗಳ ಆರೈಕೆಯಿಂದಲ್ಲ, ಆ ಆರೈಕೆಯನ್ನು ಸರಿಯಾಗಿ ಮಾಡಲು ಬಿಡದ ಪರಿಸ್ಥಿತಿಯಿಂದ.

ಮಂಗಳೂರಿನಂಥ ನಗರದಲ್ಲಿ ಒಬ್ಬರು ಬಿಟ್ಟರೆ ಇನ್ನೊಬ್ಬರು ಸಿಗಬಹುದು. ಕಲಬುರಗಿ ಜಿಲ್ಲೆ ಅಫಜಲಪುರ ತಾಲೂಕಿನ ಕರಜಗಿಯಂಥ ಗಡಿ ಭಾಗದ ಊರಿನವರ ಸ್ಥಿತಿ ಹಾಗಲ್ಲ. ದೊಡ್ಡ ಕಾಯಿಲೆ ಬಂದರೆ ಅವರು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಬೇಕು. ಹತ್ತಿರದ ಆಸ್ಪತ್ರೆಯಲ್ಲಿ ಅನುಭವಿ ದಾದಿಯೊಬ್ಬರು ಉಳಿಯುವುದು ಅಲ್ಲಿನ ಬಾಣಂತಿಗೆ, ಹಾವು ಕಚ್ಚಿದ ರೈತನಿಗೆ ಜೀವದ ಪ್ರಶ್ನೆ.

ಕೆಲಸದ ಹೊರೆ: ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧಕ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ, ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ದಾದಿ ಇರಬೇಕು. ಅಂದರೆ 30 ಹಾಸಿಗೆಯ ವಾರ್ಡಿಗೆ 6 ಮಂದಿ. ಇಬ್ಬರೇ ಇದ್ದರೆ ಒಬ್ಬೊಬ್ಬರ ಪಾಲಿಗೆ 15 ರೋಗಿಗಳು. ಆಗ ಔಷಧಿ ಕೊಡುವುದು, ದಾಖಲೆ ಬರೆಯುವುದರಲ್ಲೇ ಪಾಳಿ ಮುಗಿಯುತ್ತದೆ. ತಪ್ಪಾದೀತೆಂಬ ಭಯ ಮನೆಗೂ ಜೊತೆಯಲ್ಲೇ ಬರುತ್ತದೆ.

ಸಂಬಳ ಮತ್ತು ಭದ್ರತೆ: ಸುಪ್ರೀಂ ಕೋರ್ಟಿನ 2016ರ ಜನವರಿಯ ಆದೇಶದಂತೆ ರಚನೆಯಾದ ಸಮಿತಿಯು 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ಸರಕಾರಿ ದಾದಿಯರಷ್ಟೇ ಸಂಬಳ ಕೊಡಬೇಕೆಂದೂ, 50ಕ್ಕಿಂತ ಕಡಿಮೆ ಹಾಸಿಗೆಯಿದ್ದರೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದೆಂದೂ ಶಿಫಾರಸು ಮಾಡಿತು. ಶಿಫಾರಸು ಬೇರೆ, ಕೈಗೆ ಬರುವ ಸಂಬಳ ಬೇರೆ. ಸರಕಾರಿ ವ್ಯವಸ್ಥೆಯಲ್ಲೂ ಗುತ್ತಿಗೆಯ ಅನಿಶ್ಚಿತತೆಯಿದೆ. 2023ರ ಆರಂಭದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ರಾಜ್ಯದ ಗುತ್ತಿಗೆ ನೌಕರರು ಸೇವೆ ಖಾಯಂ ಮಾಡಬೇಕೆಂದು ಮುಷ್ಕರ ಹೂಡಿದ್ದರು. ಇದರ ನಡುವೆ ಗಲ್ಫ್, ಬ್ರಿಟನ್, ಐರ್ಲೆಂಡ್‌ಗಳ ಕರೆ ಬಂದರೆ ಹೋಗುವವರನ್ನು ದೂರುವಂತಿಲ್ಲ.

ಭಯ ಮತ್ತು ಅಗೌರವ: ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ವರದಿಯಾದದ್ದು ಕಲಬುರಗಿಯಿಂದಲೇ. ಸೋಂಕಿನ ಅಪಾಯದ ನಡುವೆ ದುಡಿದ ದಾದಿಯರನ್ನು ಜನರು ಚಪ್ಪಾಳೆ ತಟ್ಟಿ ಗೌರವಿಸಿದರು. ಆದರೆ ರೋಗಿಯ ಸ್ಥಿತಿ ಕೆಟ್ಟಾಗ ಸಂಬಂಧಿಕರ ಸಿಟ್ಟಿಗೆ ಮೊದಲು ಸಿಗುವವರೂ ಅವರೇ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಕಾಯ್ದೆ ದಾದಿಯರಿಗೂ ಅನ್ವಯಿಸುತ್ತದೆ; ಜೈಲು, ದಂಡಕ್ಕೆ ಅವಕಾಶವಿದೆ.

ಮನೆಯ ಜವಾಬ್ದಾರಿ: ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಅಡುಗೆ, ಮಕ್ಕಳು, ವೃದ್ಧರು ಕಾದಿರುತ್ತಾರೆ. ನಿದ್ರೆಗೆ ಸಮಯವೇ ಸಿಗದಿದ್ದರೆ ರಾಜೀನಾಮೆಯೊಂದೇ ದಾರಿಯೆಂದು ತೋರುತ್ತದೆ.

ನಾವೇನು ಮಾಡಬಹುದು? ಆಸ್ಪತ್ರೆಯ ಆಡಳಿತ ಮಂಡಳಿಯಲ್ಲಿರುವವರು ಪ್ರತಿ ಪಾಳಿಯಲ್ಲಿ ಎಷ್ಟು ದಾದಿಯರಿದ್ದಾರೆಂದು ಕೇಳಲಿ. ಪಾಳಿಪಟ್ಟಿ ಮುಂಚಿತವಾಗಿ ತಿಳಿಯಲಿ, ವಾರದ ರಜೆ ತಪ್ಪದಿರಲಿ, ರಾತ್ರಿ ಓಡಾಟಕ್ಕೆ ವಾಹನವಿರಲಿ. ರೋಗಿಯ ಜೊತೆ ಹೋಗುವ ನಾವು ಮಾತಿನಲ್ಲಿ ಸಂಯಮವಿಟ್ಟುಕೊಳ್ಳೋಣ. ಮನೆಯವರು ಆಕೆಯ ಹಗಲಿನ ನಿದ್ರೆಯನ್ನೂ ಕೆಲಸದ ಭಾಗವೆಂದೇ ತಿಳಿಯಲಿ. ಸೇವೆಯನ್ನು ಹೊಗಳುವುದರ ಜೊತೆಗೆ ಸೇವೆ ಮಾಡುವವರ ಹೊರೆ ಇಳಿಸಿದರೆ ಅನೇಕರು ಉಳಿದಾರು.